ಆಯದ ಬಡಗಿ, ಗುತ್ತಿಗೆಯ ಬಡಗಿ



ಅಟ್ಟಕ್ಕೆ ಹತ್ತುವ ಮರದ ಮೆಟ್ಟಿಲಿನಲ್ಲಿ ಒಂದು ಹಲಗೆ ಅಲುಗಾಡುತ್ತಿದೆ ಎಂದಿಟ್ಟುಕೊಳ್ಳಿ. ಕೈ ಊರುವ ಕಟಾಂಜನದ ಒಂದು ಕಂಬವೂ ಸಡಿಲವಾಗಿದೆ. ಮನೆಯ ಹಿರಿಯರು ‘ಬಡಗಿಯನ್ನು ಕರೆಸಬೇಕು’ ಎನ್ನುತ್ತಾರೆ. ಈ ಒಂದು ಮಾತಿನೊಳಗೆ ಎಷ್ಟು ಪ್ರಶ್ನೆಗಳಿವೆ ನೋಡಿ. ಯಾರನ್ನು ಕರೆಸಬೇಕು? ದಿನಗೂಲಿಗೋ, ಒಟ್ಟು ಗುತ್ತಿಗೆಗೋ? ಮುಂಗಡ ಎಷ್ಟು ಕೊಡಬೇಕು? ಕೆಲಸ ಕೆಟ್ಟರೆ ಹೊಣೆ ಯಾರದು? ಆರು ತಿಂಗಳ ನಂತರ ಅದೇ ಹಲಗೆ ಮತ್ತೆ ಅಲುಗಾಡಿದರೆ ಅವರು ಬರುತ್ತಾರೆಯೇ?

ಇವೆಲ್ಲ ಇಂದಿನ ಪ್ರಶ್ನೆಗಳೆಂದು ತೋರಬಹುದು. ಆದರೆ ಇವಕ್ಕೆ ಸಾವಿರಾರು ವರ್ಷಗಳ ಚರಿತ್ರೆಯಿದೆ. ರಾಜರು, ಧರ್ಮಶಾಸ್ತ್ರಕಾರರು, ಊರಿನ ಹಿರಿಯರು, ಬ್ರಿಟಿಷ್ ಕಲೆಕ್ಟರುಗಳು, ನ್ಯಾಯಾಲಯಗಳು, ಎಲ್ಲರೂ ತಮ್ಮ ತಮ್ಮ ಕಾಲದಲ್ಲಿ ಇವಕ್ಕೆ ಉತ್ತರ ಹುಡುಕಿದ್ದಾರೆ. ಆ ಉತ್ತರಗಳನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯ ನೆಲದಲ್ಲಿ ನಿಂತು ನೋಡೋಣ. ಈ ಐದೂ ತಾಲ್ಲೂಕುಗಳು ಇಂದು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಅದಕ್ಕೆ ಹಿಂದೆ ಬಳ್ಳಾರಿ ಜಿಲ್ಲೆಗೆ, 1953ರ ಅಕ್ಟೋಬರ್ 1ಕ್ಕೆ ಮೊದಲು ಮದ್ರಾಸು ಆಡಳಿತಕ್ಕೆ ಸೇರಿದ್ದವು. 1997ರಿಂದ ಕೆಲವು ವರ್ಷ ಹರಪನಹಳ್ಳಿ ಮಾತ್ರ ದಾವಣಗೆರೆ ಜಿಲ್ಲೆಯಲ್ಲಿತ್ತು.

ಕಲ್ಲು ಉಳಿಯಿತು, ಮರ ಅಳಿಯಿತು

ಈ ಸೀಮೆಯ ಚರಿತ್ರೆ ಎಂದರೆ ನಮಗೆ ನೆನಪಾಗುವುದು ಕಲ್ಲು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ, ಕೊಟ್ಟೂರಿನ ಬಳಿಯ ಅಂಬಳಿಯ ಕಲ್ಲೇಶ್ವರ, ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ, ಇವು ಹೆಸರಾದ ದೇವಾಲಯಗಳು. ಬಾಗಳಿಗೆ ಹೋದರೆ ಅಲ್ಲಿಯ ಕಂಬಗಳನ್ನು ಹತ್ತಿರದಿಂದ ನೋಡಿ. ಬಡಗಿಯ ಚರಕಿಯಲ್ಲಿ ಮರವನ್ನು ತಿರುಗಿಸಿ ಕಡೆದ ಹಾಗೆ ಸುತ್ತಲೂ ಬಳೆಬಳೆಯಾದ ಗೆರೆಗಳಿವೆ. ತೆರೆದ ಮಂಟಪಗಳ ಅಂಚಿನಲ್ಲಿ ಒರಗಿ ಕೂರಲು ಮಾಡಿರುವ ಕಕ್ಷಾಸನವೂ ಒಂದು ಬಗೆಯ ಕಲ್ಲಿನ ಕಟಾಂಜನವೇ.

ಕಲ್ಲುಕುಟಿಗನು ಬಡಗಿಯಿಂದ ಕಲಿತಿದ್ದಾನೆ ಎಂಬುದಕ್ಕೆ ಇನ್ನೂ ಹಳೆಯ ಸಾಕ್ಷಿ ಮಧ್ಯಪ್ರದೇಶದ ಸಾಂಚಿಯಲ್ಲಿದೆ. ಅಲ್ಲಿಯ ಸ್ತೂಪದ ಸುತ್ತಲಿನ ಕಲ್ಲಿನ ಬೇಲಿಯಲ್ಲಿ ಅಡ್ಡಪಟ್ಟಿಗಳನ್ನು ಕಂಬಗಳ ತೂತುಗಳೊಳಗೆ ಕೂರಿಸಲಾಗಿದೆ. ಕಲ್ಲಿಗೆ ಅಂಥ ಜೋಡಣೆ ಸಹಜವಲ್ಲ. ಅದು ಮರಗೆಲಸದ ಜೋಡಣೆ. ಮೊದಲು ಮರದಲ್ಲಿದ್ದ ಬೇಲಿಯನ್ನು ಮುಂದೆ ಕಲ್ಲಿನಲ್ಲಿ ನಕಲು ಮಾಡಿದಾಗ ಜೋಡಣೆಯೂ ಜೊತೆಗೆ ಬಂದಿತು.

ಹಾಗಾದರೆ ಮೂಲವಾದ ಆ ಮರದ ಕೆಲಸವೆಲ್ಲ ಏನಾಯಿತು? ಉತ್ತರ ಹಂಪಿಯಲ್ಲಿದೆ. ವಿಜಯನಗರದ ಅರಮನೆಗಳ ಕಲ್ಲಿನ ಜಗಲಿಗಳು ಮಾತ್ರ ಇಂದು ಉಳಿದಿವೆ. ಮಹಾನವಮಿ ದಿಬ್ಬದ ಮೇಲೆ ಮರದ ಮಂಟಪವಿತ್ತು ಎನ್ನಲು ಕಂಬ ನಿಲ್ಲಿಸುತ್ತಿದ್ದ ಗುಳಿಗಳು ಸಾಕ್ಷಿ. 1565ರ ಯುದ್ಧದ ನಂತರದ ಬೆಂಕಿ, ಆಮೇಲೆ ಮಳೆ, ಗೆದ್ದಲು, ಇವೆಲ್ಲ ಸೇರಿ ಮರವನ್ನು ಮುಗಿಸಿದವು. ಕಲ್ಲಿನ ಮೆಟ್ಟಿಲನ್ನು ನೂರಾರು ವರ್ಷ ಮರೆತರೂ ಅದು ಇರುತ್ತದೆ. ಮರದ ಮೆಟ್ಟಿಲು ಹಾಗಲ್ಲ. ಅದನ್ನು ಯಾರಾದರೂ ಸತತವಾಗಿ ನೋಡಿಕೊಂಡರೆ ಮಾತ್ರ ಅದು ಬಾಳುತ್ತದೆ. ಆದ್ದರಿಂದಲೇ ಮರದ ಚರಿತ್ರೆ ಎಂದರೆ ಬಹುಮಟ್ಟಿಗೆ ರಿಪೇರಿಯ ಚರಿತ್ರೆ.

ಶಾಸನಗಳಲ್ಲಿ ರಿಪೇರಿ

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಕರ್ನಾಟಕದ ಶಾಸನಗಳಲ್ಲಿ ಮೇಲಿಂದ ಮೇಲೆ ಬರುವ ಒಂದು ಮಾತು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಖಂಡ ಎಂದರೆ ಮುರಿದದ್ದು, ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು. ಮುರಿದದ್ದನ್ನೂ ಬಿರುಕು ಬಿಟ್ಟದ್ದನ್ನೂ ಸರಿಪಡಿಸುವುದಕ್ಕೆಂದು, ಪೂಜೆಗೂ ನೈವೇದ್ಯಕ್ಕೂ ಬಿಟ್ಟ ಹಾಗೆಯೇ, ಭೂಮಿಯನ್ನೋ ತೆರಿಗೆಯ ಒಂದು ಭಾಗವನ್ನೋ ದಾನಿಗಳು ಬಿಡುತ್ತಿದ್ದರು.

ಇದರಲ್ಲಿ ಒಂದು ದೂರದೃಷ್ಟಿಯಿದೆ. ಗುಡಿ ಹೊಸದಾಗಿರುವಾಗಲೇ ಅದು ಮುಂದೊಂದು ದಿನ ಮುರಿಯುತ್ತದೆ, ಬಿರುಕು ಬಿಡುತ್ತದೆ ಎಂದು ಒಪ್ಪಿಕೊಂಡು ಹಣ ತೆಗೆದಿಡುವುದು. ನಾವಾದರೋ ಮುರಿದ ಮೇಲೆ ಹಣ ಹುಡುಕುತ್ತೇವೆ.

ಇಂಥದೇ ಒಂದು ಏರ್ಪಾಡಿನ ಜೀವಂತ ಉದಾಹರಣೆ ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಲ್ಲಿದೆ. ಅಲ್ಲಿಯ ಮರುಳಸಿದ್ಧೇಶ್ವರ ದೇವಾಲಯದ ಶಿಖರಕ್ಕೆ ವರ್ಷಕ್ಕೊಮ್ಮೆ ತೈಲಾಭಿಷೇಕ ನಡೆಯುತ್ತದೆ. ಕಲ್ಲಿನ ಶಿಖರದ ಮೇಲಿನಿಂದ ಎಣ್ಣೆ ಸುರಿಯುತ್ತಾರೆ. ಜರಿಮಲೆಯ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುವುದು ಸಂಪ್ರದಾಯ. ಇದು ಭಕ್ತಿಯ ಆಚರಣೆ, ರಿಪೇರಿಯಲ್ಲ. ಆದರೂ ಅದರ ಕಟ್ಟುಪಾಡನ್ನು ಗಮನಿಸಿ: ಏನು ಮಾಡಬೇಕು, ಎಷ್ಟು ಕಾಲಕ್ಕೊಮ್ಮೆ ಮಾಡಬೇಕು, ಯಾರು ಏನನ್ನು ತರಬೇಕು, ಮೂರೂ ನಿಶ್ಚಿತ. ಹೀಗೆ ನಿಶ್ಚಿತವಾದದ್ದು ತಲೆಮಾರುಗಳವರೆಗೆ ನಡೆಯುತ್ತದೆ.

ಕುಶಲಕರ್ಮಿ ಮತ್ತು ಕಾನೂನು

ಕೆಲಸ ಒಪ್ಪಿಕೊಂಡವನು ಕೈಕೊಟ್ಟರೆ ಏನು ಮಾಡಬೇಕು? ಬ್ಯಾಬಿಲೋನಿನ ರಾಜ ಹಮ್ಮುರಬಿಯ ಕಾನೂನು ಕ್ರಿಸ್ತಪೂರ್ವ 18ನೆಯ ಶತಮಾನದ್ದು. ಕಟ್ಟಿದ ಗೋಡೆ ಸರಿಯಿಲ್ಲದೆ ಬಿದ್ದರೆ, ಕಟ್ಟಿದವನೇ ತನ್ನ ಖರ್ಚಿನಲ್ಲಿ ಅದನ್ನು ಭದ್ರಪಡಿಸಬೇಕೆಂದು ಅದು ಹೇಳುತ್ತದೆ. ಮನೆ ಬಿದ್ದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ!

ನಮ್ಮ ಅರ್ಥಶಾಸ್ತ್ರ ಇನ್ನಷ್ಟು ನಯವಾಗಿ ಯೋಚಿಸುತ್ತದೆ. ಈ ಗ್ರಂಥ ಆಧುನಿಕ ಜಗತ್ತಿಗೆ ದೊರೆತದ್ದು ಮೈಸೂರಿನಿಂದ ಎಂಬುದನ್ನು ಮರೆಯಬಾರದು. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅದರ ಮೂಲವನ್ನು ಪ್ರಕಟಿಸಿದರು. ಕುಶಲಕರ್ಮಿಗಳು ಸ್ಥಳ, ಕಾಲ ಮತ್ತು ಕೆಲಸದ ಸ್ವರೂಪವನ್ನು ನಿಶ್ಚಯಿಸಿಕೊಂಡು ಕೆಲಸ ಮಾಡಬೇಕು ಎಂದು ಅದರಲ್ಲಿದೆ. ಕಾಲ ಮೀರಿದರೆ ವೇತನದಲ್ಲಿ ಕಾಲುಭಾಗ ಕಡಿತ, ಅದರ ಎರಡರಷ್ಟು ದಂಡ. ಹೇಳಿದ್ದನ್ನು ಬಿಟ್ಟು ಬೇರೆ ರೀತಿ ಮಾಡಿದರೆ ವೇತನವೇ ಇಲ್ಲ, ಜೊತೆಗೆ ಎರಡರಷ್ಟು ದಂಡ. ಆದರೆ ಅನಿರೀಕ್ಷಿತ ವಿಪತ್ತು ಬಂದರೆ ವಿನಾಯಿತಿಯಿದೆ.

ನಮ್ಮ ಈ ಐದು ತಾಲ್ಲೂಕುಗಳ ನೆಲಕ್ಕೆ ಇನ್ನೂ ಹತ್ತಿರವಾದವನು ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದನು. ಆಗ ಕೋಗಳಿ-500 ಎಂಬ ಹೆಸರಿದ್ದ ನಾಡು ಸೇರಿದಂತೆ ಈ ಪ್ರದೇಶವೂ ಅದೇ ಅರಸನ ಆಳ್ವಿಕೆಯಲ್ಲಿತ್ತು. ವೇತನದ ವ್ಯಾಜ್ಯಗಳಿಗೆ ಆ ಸ್ಮೃತಿಯಲ್ಲಿ ಪ್ರತ್ಯೇಕ ಪ್ರಕರಣವೇ ಇದೆ. ವೇತನ ಪಡೆದು ಕೆಲಸ ಬಿಟ್ಟವನು ಎರಡರಷ್ಟು ಹಿಂದಿರುಗಿಸಬೇಕು. ವೇತನ ಪಡೆಯದೆ ಬಿಟ್ಟರೆ ಅಷ್ಟೇ ಮೊತ್ತ ಕೊಡಬೇಕು. ಕೆಲಸಕ್ಕೆ ಕೊಟ್ಟ ಸಲಕರಣೆಗಳನ್ನು ಕೆಲಸದವರು ಜೋಪಾನ ಮಾಡಬೇಕು. ಇಂದು ಮುಂಗಡ ಕೊಟ್ಟು ದಾರಿ ಕಾಯುವ ಎಷ್ಟೋ ಮನೆಯವರು ಈ ಮಾತನ್ನು ಕೇಳಿ ನಿಟ್ಟುಸಿರು ಬಿಡಬಹುದು.

ಮುಂದೆ 12ನೆಯ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿ ಇನ್ನೊಂದು ದನಿ ಕೇಳಿಬಂದಿತು. ಶರಣರು ಕೆಲಸವನ್ನು ಕಾಯಕವೆಂದು ಕರೆದರು. ವಚನಕಾರರಲ್ಲಿ ಒಬ್ಬ ಬಡಗಿಯೂ ಇದ್ದಾನೆ. ಅವನ ಹೆಸರೇ ಬಾಚಿಕಾಯಕದ ಬಸವಯ್ಯ; ಬಾಚಿ ಎಂದರೆ ಮರ ಕೆತ್ತುವ ಉಪಕರಣ. ಅವನ ಪತ್ನಿ ಕಾಳವ್ವೆಯೂ ವಚನಕಾರ್ತಿ. ಅರ್ಥಶಾಸ್ತ್ರದ ಪ್ರಕಾರ ಕುಶಲಕರ್ಮಿಯ ಮೇಲೆ ಕಣ್ಣಿಡಬೇಕು. ಶರಣರ ಪ್ರಕಾರ ಕುಶಲಕರ್ಮಿಯೇ ತನ್ನ ಕೆಲಸದ ಮೇಲೆ ಕಣ್ಣಿಡಬೇಕು. ಒಳ್ಳೆಯ ಕೆಲಸಕ್ಕೆ ಎರಡೂ ಬೇಕು.

ಊರಿಗೊಬ್ಬ ಬಡಗಿ

ಶಾಸ್ತ್ರಗಳ ಮಾತು ಹೀಗಾದರೆ, ಹಳ್ಳಿಯ ನಿತ್ಯಜೀವನದಲ್ಲಿ ನಡೆಯುತ್ತಿದ್ದುದು ಬೇರೆ. ಅಲ್ಲಿ ಬಡಗಿಯನ್ನು ಒಂದು ಕೆಲಸಕ್ಕೆಂದು ಗೊತ್ತುಮಾಡುತ್ತಿರಲಿಲ್ಲ. ಅವನು ಊರಿನವನು, ಊರಿಗೆಲ್ಲ ಬಡಗಿ. ಈ ಏರ್ಪಾಡಿಗೆ ಆಯಗಾರ ಪದ್ಧತಿ ಎಂದು ಹೆಸರು. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲಿಗ ಎಂದು ಹನ್ನೆರಡು ಮಂದಿಯ ಪಟ್ಟಿ ಹೇಳುವುದು ವಾಡಿಕೆ. ಊರಿನಿಂದ ಊರಿಗೆ ಪಟ್ಟಿಯಲ್ಲಿ ಒಂದೆರಡು ವ್ಯತ್ಯಾಸಗಳಿದ್ದವು. ವಿಜಯನಗರ ಕಾಲದಲ್ಲಿ ಈ ಪದ್ಧತಿ ಬೇರೂರಿತ್ತು.

1800ರಲ್ಲಿ ಬಳ್ಳಾರಿ ಸೀಮೆ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಂದಿತು. 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ತನ್ನ ವರದಿಯಲ್ಲಿ, ಹನ್ನೆರಡು ಆಯಗಾರರಿರುವ ಪ್ರತಿಯೊಂದು ಹಳ್ಳಿಯೂ ಒಂದು ಪುಟ್ಟ ಗಣರಾಜ್ಯವಿದ್ದಂತೆ ಎಂಬರ್ಥದ ಮಾತು ಬರೆದನು. ಅದು ಬಹಳ ಹೆಸರಾಯಿತು.

ಆಯದ ಬಡಗಿಯ ಸಂಬಳ ಹಣವಲ್ಲ. ಸುಗ್ಗಿಯಲ್ಲಿ ರಾಶಿ ಮಾಡುವಾಗ ಕಣದಲ್ಲಿಯೇ ಪ್ರತಿಯೊಬ್ಬ ರೈತನೂ ಇಂತಿಷ್ಟು ಜೋಳವೋ ಸಜ್ಜೆಯೋ ಅಳೆದು ಕೊಡಬೇಕು. ಅದೇ ಆಯ. ಹಲವೆಡೆ ಮಾನ್ಯದ ಹೊಲವೂ ಇರುತ್ತಿತ್ತು. ಪ್ರತಿಯಾಗಿ ಬಡಗಿ ವರ್ಷವಿಡೀ ನೇಗಿಲು, ನೊಗ, ಕೂರಿಗೆಗಳನ್ನು ಸರಿಪಡಿಸಿ ಕೊಡಬೇಕು. ಹೊಸ ಬಂಡಿ ಮಾಡುವುದು, ಮನೆ ಕಟ್ಟುವುದು, ಮುಂತಾದ ದೊಡ್ಡ ಕೆಲಸಗಳಿಗೆ ಸಾಮಾನ್ಯವಾಗಿ ಬೇರೆ ಕೂಲಿ, ಜೊತೆಗೆ ಊಟ.

ಈ ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ನೀವು ನೋಡಿರಬಹುದು. ದಪ್ಪ ಗೋಡೆ, ಮರದ ಕಂಬ, ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಮಾಳಿಗೆಗೋ ಅಟ್ಟಕ್ಕೋ ಹತ್ತಲು ಗೋಡೆಗೆ ಒತ್ತಿನಿಲ್ಲಿಸಿದ ಕಡಿದಾದ ಮರದ ಪಾವಟಿಗೆ. ಇದನ್ನು ಮಾಡಿದ ಬಡಗಿಯೂ ರಿಪೇರಿ ಮಾಡುವ ಬಡಗಿಯೂ ಒಬ್ಬನೇ, ಇಲ್ಲವೇ ಅವನ ಮಗ. ಯಾವ ಹಲಗೆ ಯಾವ ಮರದ್ದು, ಯಾವ ಸಂದಿಗೆ ಎಷ್ಟು ಬಿಗಿ ಎಂಬುದು ಅವನ ನೆನಪಿನಲ್ಲಿತ್ತು. ಕೆಲಸ ಕೆಟ್ಟರೆ ಮಾರನೆಯ ದಿನವೂ ಅದೇ ಓಣಿಯಲ್ಲಿ ಅವನು ನಡೆಯಬೇಕಾಗಿತ್ತು. ಅದೇ ಅವನ ಗ್ಯಾರಂಟಿ ಪತ್ರ!

ಆದರೆ ಇದನ್ನು ಸುವರ್ಣಯುಗವೆಂದು ಭಾವಿಸಬೇಡಿ. ಬಡಗಿಯ ಮಗ ಬಡಗಿಯೇ ಆಗಬೇಕಾಗಿತ್ತು. ಆಯ ಎಷ್ಟೆಂಬುದನ್ನು ತೀರ್ಮಾನಿಸುವವರು ಊರಿನ ಬಲಾಢ್ಯರು. ಜಾತಿಯ ಏಣಿಯಲ್ಲಿ ಯಾರು ಯಾವ ಮೆಟ್ಟಿಲಲ್ಲಿ ನಿಲ್ಲಬೇಕೆಂಬುದೂ ಮೊದಲೇ ಗೊತ್ತಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮಳೆ ಬಾರದಿದ್ದರೆ ರಾಶಿಯಿಲ್ಲ, ರಾಶಿಯಿಲ್ಲದಿದ್ದರೆ ಆಯವೂ ಇಲ್ಲ. 1876–78ರ ಭೀಕರ ಬರದಲ್ಲಿ ಬಳ್ಳಾರಿ ಜಿಲ್ಲೆ ತತ್ತರಿಸಿತು. ಹೊಲವಿದ್ದವನ ಕಣವೇ ಬರಿದಾದಾಗ ಬಡಗಿಯ ಪಾಡು ಏನಾಗಿರಬೇಕು, ನೀವೇ ಊಹಿಸಿ.

ಮಾತುಗಳು ಹೇಳುವ ಚರಿತ್ರೆ

ಆಯದಿಂದ ಗುತ್ತಿಗೆಗೆ ಬಂದ ದಾರಿಯನ್ನು ನಮ್ಮ ಭಾಷೆಯೇ ಹೇಳುತ್ತದೆ. ‘ಬಡಗಿ’ ಎಂಬುದು ಸಂಸ್ಕೃತದ ‘ವರ್ಧಕಿ’ ಪ್ರಾಕೃತದ ಮೂಲಕ ಬಂದ ರೂಪ. ‘ಗುತ್ತಿಗೆ’ ನಮ್ಮ ಶಾಸನಗಳಲ್ಲಿ ‘ಗುತ್ತಗೆ’ ಎಂದು ಕಾಣಿಸುವ ಹಳೆಯ ಮಾತು. ಅಲ್ಲಿ ಅದಕ್ಕೆ ಭೂಮಿಯನ್ನೋ ತೆರಿಗೆಯನ್ನೋ ನಿಶ್ಚಿತ ಮೊತ್ತಕ್ಕೆ ವಹಿಸಿಕೊಡುವುದು ಎಂಬ ಅರ್ಥ. ಬಾಯಿಮಾತಿನ ಒಪ್ಪಂದ ಕಾಗದಕ್ಕೆ ಇಳಿದಾಗ ಅರಬ್ಬಿಯ ‘ಕರಾರು’ ಬಂದಿತು. ತುರ್ಕಿ ಮೂಲದ ‘ಮುಚ್ಚಳಿಕೆ’ಯೂ ಬಂದಿತು. ‘ದುರಸ್ತಿ’ ಪಾರಸಿಯದು. ‘ಮೇಸ್ತ್ರಿ’ ಪೋರ್ಚುಗೀಸರ ‘ಮೆಸ್ತ್ರೆ’. ಉತ್ತರ ಕರ್ನಾಟಕದ ‘ಕಂತ್ರಾಟು’ ಪೋರ್ಚುಗೀಸರ ‘ಕೊಂತ್ರಾತೊ’ ಮರಾಠಿಯ ಮೂಲಕ ಬಂದದ್ದು. ಕೊನೆಗೆ ಇಂಗ್ಲಿಷಿನ ‘ರಿಪೇರಿ’, ‘ಕಾಂಟ್ರಾಕ್ಟರ್’, ‘ವಾರ್ನಿಷ್’. ಹೀಗೆ ಒಂದು ಮೆಟ್ಟಿಲು ಸರಿಮಾಡಿಸುವಷ್ಟರಲ್ಲಿ ನಮ್ಮ ನಾಲಿಗೆ ಅರ್ಧ ಜಗತ್ತನ್ನು ಸುತ್ತಿ ಬರುತ್ತದೆ.

ಪದಗಳ ಜೊತೆಗೆ ಪದ್ಧತಿಯೂ ಬದಲಾಯಿತು. ಕಂದಾಯ ಹಣದ ರೂಪದಲ್ಲಿ ಬಂದಿತು. ಲೋಕೋಪಯೋಗಿ ಇಲಾಖೆಯ ಕಚೇರಿಗಳು, ಬಂಗಲೆಗಳು, ಶಾಲೆಗಳು ಎದ್ದವು. 20ನೆಯ ಶತಮಾನದ ಮೊದಲ ದಶಕದಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂದಿತು. ಇಂಥ ಕೆಲಸಗಳಿಗೆ ಊರಿನ ಆಯ ಸಾಲದು. ಅಂದಾಜುಪಟ್ಟಿ, ಅಳತೆ ಪುಸ್ತಕ, ಟೆಂಡರು, ಗುತ್ತಿಗೆದಾರ, ಇವು ಬಂದವು. ಬಡಗಿ ಈಗ ಊರಿನ ಬಡಗಿಯಲ್ಲ. ಅವನು ಗುತ್ತಿಗೆದಾರನ ಕೂಲಿ, ಅಥವಾ ತಾನೇ ಸಣ್ಣ ಗುತ್ತಿಗೆದಾರ.

ಈ ಬದಲಾವಣೆಯ ಕಹಿ ಮುಖವೊಂದನ್ನು ನೀವು ತಿಳಿದಿರಬೇಕು. 1859ರ 13ನೆಯ ಕಾಯಿದೆಯ ಪ್ರಕಾರ, ಮುಂಗಡ ಪಡೆದು ಕೆಲಸ ಮಾಡದ ಕುಶಲಕರ್ಮಿಯನ್ನೋ ಕೂಲಿಕಾರನನ್ನೋ ಮ್ಯಾಜಿಸ್ಟ್ರೇಟರ ಮುಂದೆ ಎಳೆತರಬಹುದಾಗಿತ್ತು. ಹಣ ಹಿಂದಿರುಗಿಸು, ಇಲ್ಲವೇ ಕೆಲಸ ಮಾಡು ಎಂದು ಆಜ್ಞೆ. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಸೆರೆ. ಮೊದಲು ಕಲ್ಕತ್ತ, ಮದ್ರಾಸು, ಮುಂಬಯಿ ನಗರಗಳಿಗೆಂದು ಮಾಡಿದ ಈ ಕಾನೂನನ್ನು ಬೇರೆಡೆಗೂ ವಿಸ್ತರಿಸಲು ಅವಕಾಶವಿತ್ತು. ಆದರೆ ಕೆಲಸ ಮಾಡಿಸಿಕೊಂಡು ಕೂಲಿ ಕೊಡದ ಯಜಮಾನನಿಗೆ ಇದೇ ಕಾಯಿದೆಯಲ್ಲಿ ಸೆರೆವಾಸವಿರಲಿಲ್ಲ! ಒಪ್ಪಂದ ಇಬ್ಬರದು, ಶಿಕ್ಷೆ ಒಬ್ಬನಿಗೆ. 1925ರಲ್ಲಿ ರದ್ದತಿಯ ಕಾಯಿದೆ ಬಂದು, 1926ರ ಏಪ್ರಿಲ್ 1ರಿಂದ ಈ ಅನ್ಯಾಯ ಕೊನೆಗೊಂಡಿತು.

ಇಂದು ನಮಗೆ ಆಧಾರವಾಗಿರುವುದು 1872ರ ಭಾರತೀಯ ಕರಾರು ಕಾಯಿದೆ. ಅದರ ದೃಷ್ಟಿಯಲ್ಲಿ ಮನೆಯವರೂ ಬಡಗಿಯೂ ಸಮಾನರು. ಮಾತು ತಪ್ಪಿದವನು, ತಪ್ಪಿದ್ದರಿಂದ ಸಹಜವಾಗಿ ಉಂಟಾದ ನಷ್ಟವನ್ನು ತುಂಬಿಕೊಡಬೇಕು. ಬಾಯಿಮಾತಿನ ಒಪ್ಪಂದವೂ ಸಾಮಾನ್ಯವಾಗಿ ಒಪ್ಪಂದವೇ, ಆದರೆ ಅದನ್ನು ರುಜುವಾತು ಮಾಡುವುದು ಕಷ್ಟ. ಹಣ ಕೊಟ್ಟು ಪಡೆದ ಸೇವೆ ಕೆಟ್ಟಿದ್ದರೆ ಗ್ರಾಹಕ ರಕ್ಷಣಾ ಕಾಯಿದೆಯ ಬಾಗಿಲೂ ತೆರೆದಿದೆ. ಅದು 1986ರಲ್ಲಿ ಬಂದು, 2019ರಲ್ಲಿ ಹೊಸ ರೂಪ ಪಡೆಯಿತು.

ಕೊಟ್ಟೂರಿನ ತೇರು

ರಿಪೇರಿಯ ಹೊಣೆ ಎಂಬುದು ಎಷ್ಟು ಗಂಭೀರವಾದದ್ದು ಎಂಬುದನ್ನು ಈ ಸೀಮೆ 2017ರಲ್ಲಿ ಕಣ್ಣಾರೆ ಕಂಡಿತು. ಆ ವರ್ಷ ಫೆಬ್ರುವರಿ 21ರಂದು ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರರ ರಥೋತ್ಸವ. ಸಾವಿರಾರು ಜನ ಸೇರಿದ್ದರು. ಸುಮಾರು 60 ಅಡಿ ಎತ್ತರದ ತೇರು ಸಾಗುತ್ತಿರುವಾಗಲೇ ವಾಲಿ ನೆಲಕ್ಕುರುಳಿತು. ಹಲವರು ಗಾಯಗೊಂಡರು. ಅಚ್ಚು ಮುರಿದದ್ದೇ ಕಾರಣವೆಂದು ಆಗ ವರದಿಯಾಯಿತು. ಆಮೇಲೆ ಹೊಸ ತೇರು ಸಿದ್ಧವಾಯಿತು.

ತೇರು ಎಂದರೇನು? ಗಾಲಿಗಳ ಮೇಲೆ ನಿಂತ ಅಂತಸ್ತಿನ ಮರದ ಕಟ್ಟಡ. ಮನೆಯ ಮೆಟ್ಟಿಲಿನಲ್ಲಿ ಇರುವ ತೊಲೆ, ಹಲಗೆ, ತೂತು, ಬೆಣೆಗಳೇ ಅಲ್ಲಿಯೂ ಇವೆ, ಗಾತ್ರ ಮಾತ್ರ ದೊಡ್ಡದು. ಮರದ ಜೋಡಣೆಯ ಸ್ವಭಾವ ಎರಡೂ ಕಡೆ ಒಂದೇ. ಮರ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ಪ್ರತಿ ವರ್ಷ ಹೀಗೆ ಆಗಿ ಸಂದುಗಳು ಸಡಿಲಗೊಳ್ಳುತ್ತವೆ. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಬಿರುಕು ಬೆಳೆದಿರಬಹುದು. ವರ್ಷಕ್ಕೊಮ್ಮೆ ಹೊರಗೆ ಬರುವ ತೇರಿನ ಮೇಲೂ, ಅಪರೂಪಕ್ಕೆ ಹತ್ತುವ ಅಟ್ಟದ ಮೆಟ್ಟಿಲಿನ ಮೇಲೂ ನಮಗೆ ಅತಿಯಾದ ನಂಬಿಕೆ. ಅಲಂಕಾರಕ್ಕೆ ಕೊಡುವಷ್ಟು ಗಮನವನ್ನು ಅಚ್ಚಿಗೆ ಕೊಡುವುದಿಲ್ಲ.

ಆಯದ ಪದ್ಧತಿಯಲ್ಲಿ ‘ಮುಂದಿನ ವರ್ಷವೂ ನೋಡುವವರು ಯಾರು’ ಎಂಬ ಪ್ರಶ್ನೆಗೆ ಉತ್ತರವಿತ್ತು. ಗುತ್ತಿಗೆಯಲ್ಲಿ ಅದು ತಾನಾಗಿ ಇರುವುದಿಲ್ಲ. ಹಣ ಕೊಟ್ಟ ದಿನವೇ ಸಂಬಂಧ ಮುಗಿಯುತ್ತದೆ. ಆ ಉತ್ತರವನ್ನು ನಾವೇ ಕಾಗದದಲ್ಲಿ ಬರೆಯಬೇಕು. ಸರ್ಕಾರಿ ಕಾಮಗಾರಿಗಳಲ್ಲಿ ‘ದೋಷ ಹೊಣೆಗಾರಿಕೆಯ ಅವಧಿ’ ಎಂದು ಇರುವುದು ಇದಕ್ಕಾಗಿಯೇ. ಕೆಲಸ ಮುಗಿದ ಮೇಲೂ ನಿಗದಿಯಾದ ಕಾಲದವರೆಗೆ ಗುತ್ತಿಗೆದಾರನ ಸ್ವಲ್ಪ ಹಣವನ್ನು ತಡೆಹಿಡಿದಿರುತ್ತಾರೆ.

ಮೆಟ್ಟಿಲಿನ ಲೆಕ್ಕ

ಈಗ ನಮ್ಮ ಅಲುಗಾಡುವ ಹಲಗೆಗೆ ಬರೋಣ. 1675ರಲ್ಲಿ ಪ್ರಕಟವಾಗತೊಡಗಿದ ತನ್ನ ವಾಸ್ತುಗ್ರಂಥದಲ್ಲಿ ಫ್ರಾನ್ಸಿನ ಫ್ರಾನ್ಸ್ವಾ ಬ್ಲಾಂಡೆಲ್ ಎಂಬ ವಿದ್ವಾಂಸನು ಮನುಷ್ಯನ ಹೆಜ್ಜೆಯನ್ನು ಅಳೆದು ಒಂದು ಸೂತ್ರ ಕೊಟ್ಟನು. ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ ಅಗಲವನ್ನು ಕೂಡಿಸಿದರೆ ಫ್ರೆಂಚರ ಅಳತೆಯಲ್ಲಿ 24 ಅಂಗುಲ, ಎಂದರೆ ಸುಮಾರು 65 ಸೆಂಟಿಮೀಟರ್ ಆಗಬೇಕು. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಗಳಲ್ಲಿ ಮೆಟ್ಟಿಲಿನ ಎತ್ತರ 19 ಸೆಂ.ಮೀ. ಮೀರಬಾರದು, ಅಗಲ 25 ಸೆಂ.ಮೀ.ಗಿಂತ ಕಡಿಮೆಯಿರಬಾರದು. 19ರ ಎರಡರಷ್ಟು 38, ಅದಕ್ಕೆ 25 ಸೇರಿದರೆ 63. ಸೂತ್ರಕ್ಕೆ ಹತ್ತಿರವೇ ಆಯಿತು. ಆದರೆ ಎಚ್ಚರ: 25 ಸೆಂ.ಮೀ. ಎತ್ತರ, 15 ಸೆಂ.ಮೀ. ಅಗಲದ ಕಡಿದಾದ ಮೆಟ್ಟಿಲಿಗೂ ಲೆಕ್ಕ 65 ಬರುತ್ತದೆ! ಅದರ ಮೇಲೆ ಪಾದ ಪೂರ್ತಿ ಕೂರುವುದಿಲ್ಲ. ಸೂತ್ರವೊಂದೇ ಸಾಲದು, ಮಿತಿಯೂ ಬೇಕು.

ರಿಪೇರಿಯಲ್ಲಿ ಇನ್ನೊಂದು ಅಪಾಯವಿದೆ. ಸವೆದ ಮೆಟ್ಟಿಲುಗಳನ್ನು ಕೀಳದೆ ಎಲ್ಲದರ ಮೇಲೂ 2.5 ಸೆಂ.ಮೀ. ದಪ್ಪದ ಹೊಸ ಹಲಗೆ ಹೊಡೆದರು ಎನ್ನಿ. ನಡುವಿನ ಮೆಟ್ಟಿಲುಗಳ ಎತ್ತರ ಬದಲಾಗುವುದಿಲ್ಲ. ಆದರೆ ಕೆಳಗಿನ ಮೊದಲ ಮೆಟ್ಟಿಲು 2.5 ಸೆಂ.ಮೀ. ಎತ್ತರವಾಗುತ್ತದೆ, ಮೇಲಿನ ಕೊನೆಯದು ಅಷ್ಟೇ ತಗ್ಗುತ್ತದೆ. ಕಾಲಿಗೆ ಒಂದು ಲಯ ರೂಢಿಯಾಗಿರುತ್ತದೆ, ಲಯ ತಪ್ಪಿದಲ್ಲಿ ಎಡವುತ್ತೇವೆ. ಹೊಸ ಹಲಗೆಯಿಂದ ಕಟಾಂಜನವೂ ಅಷ್ಟು ಗಿಡ್ಡವಾಗುತ್ತದೆ.

ಹೊಳಪಿನ ವಿಷಯವೂ ರಸಾಯನಶಾಸ್ತ್ರವೇ. ಅಗಸೆ ಎಣ್ಣೆ ಹಚ್ಚಿದರೆ ಅದು ಒಣಗುವುದು ಆವಿಯಾಗಿ ಅಲ್ಲ. ಗಾಳಿಯ ಆಮ್ಲಜನಕದೊಡನೆ ಸೇರಿ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಹರಳೆಣ್ಣೆ ತನ್ನ ಸಹಜ ರೂಪದಲ್ಲಿ ಹಾಗೆ ಗಟ್ಟಿಯಾಗುವುದಿಲ್ಲ, ಆದ್ದರಿಂದ ಜಿಡ್ಡು ಉಳಿಯುತ್ತದೆ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಹೊರಬರುವುದರಿಂದ, ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಅರಗಿನ ಪಾಲಿಷ್ ಚೆಂದ, ಆದರೆ ನೀರು ನಿಂತರೆ ಬಿಳಿಚಿಕೊಳ್ಳುತ್ತದೆ. ಕಾಲು ತುಳಿಯುವ ಮೆಟ್ಟಿಲಿಗೆ ಅದು ಅಷ್ಟು ತಕ್ಕುದಲ್ಲ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ನಮ್ಮ ದೇಶದಲ್ಲಿ ಮನೆಬಣ್ಣದ ಸೀಸಕ್ಕೆ ಹತ್ತು ಲಕ್ಷದಲ್ಲಿ 90 ಭಾಗ ಎಂಬ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದಂತೆಯೇ ಉಜ್ಜಿ ದೂಳೆಬ್ಬಿಸುವುದು ಮಕ್ಕಳಿಗೂ ಬಡಗಿಗೂ ಹಾನಿ.

ಒಪ್ಪಂದದಲ್ಲಿ ಏನಿರಬೇಕು?

ಬಡಗಿಗೆ ಹಣ ಕೊಡುವ ದಾರಿಗಳು ಮೂರು. ದಿನಗೂಲಿಯಾದರೆ ಕೆಲಸ ಎಳೆದಷ್ಟೂ ಮನೆಯವರಿಗೆ ನಷ್ಟ. ಒಟ್ಟು ಗುತ್ತಿಗೆಯಾದರೆ ಹಲಗೆ ಕಿತ್ತಾಗ ಒಳಗೆ ಗೆದ್ದಲು ಕಂಡರೆ ಬಡಗಿಗೆ ನಷ್ಟ, ಆಗ ಮುಚ್ಚಿಬಿಡುವ ಆಸೆ ಹುಟ್ಟುತ್ತದೆ. ಅಳತೆಯ ದರವಾದರೆ ಇಬ್ಬರಿಗೂ ನ್ಯಾಯ, ಆದರೆ ಅಳೆಯಲು ಬರಬೇಕು. ಆದ್ದರಿಂದ ಮೊದಲು ಒಂದೆರಡು ಹಲಗೆ ತೆಗೆಸಿ ಒಳಗು ನೋಡಬೇಕು. ಕಂಡದ್ದಕ್ಕೆ ಒಟ್ಟು ಮೊತ್ತ ನಿಶ್ಚಯಿಸಿ, ಮುಂದೆ ಕಾಣಬಹುದಾದ ಕೊಳೆತ ಮರಕ್ಕೆ ಅಡಿ ಲೆಕ್ಕದ ದರವನ್ನು ಬೇರೆ ಬರೆದುಕೊಳ್ಳಬೇಕು.

ಒಂದು ಹಾಳೆ ಸಾಕು. ಯಾವ ಮೆಟ್ಟಿಲು, ಯಾವ ಕಂಬ, ಯಾವ ಜಾತಿಯ ಮರ, ಎಷ್ಟು ದಪ್ಪ, ಮೊಳೆಯೋ, ತಿರುಪೋ, ಬೆಣೆಯೋ, ಎಣ್ಣೆಯೋ ವಾರ್ನಿಷೋ, ಎಷ್ಟು ಕೈ, ಯಾವ ದಿನದೊಳಗೆ, ಹಣ ಎಷ್ಟು ಕಂತಿನಲ್ಲಿ. ಇಷ್ಟು ಅರ್ಥಶಾಸ್ತ್ರದ ಮಾತು. ಇದಕ್ಕೆ ಆಯದ ಮಾತೊಂದನ್ನು ಸೇರಿಸಿ: ಒಂದು ಮಳೆಗಾಲ, ಒಂದು ಬೇಸಗೆ ಕಳೆದ ಮೇಲೆ ಬಡಗಿ ಮತ್ತೆ ಬಂದು ಸಂದುಗಳನ್ನು ಪರೀಕ್ಷಿಸಬೇಕು, ಆ ಭೇಟಿಗೂ ಕೂಲಿ ಇಷ್ಟು. ಪುಕ್ಕಟೆ ಬರಬೇಕೆಂದು ಕೇಳಬೇಡಿ. ಆಯದಲ್ಲಿಯೂ ರಿಪೇರಿ ಪುಕ್ಕಟೆಯಾಗಿರಲಿಲ್ಲ, ಕಣದಲ್ಲಿ ಕಾಳು ಅಳೆದೇ ಅದನ್ನು ಪಡೆಯುತ್ತಿದ್ದರು.

ಎರಡನೆಯ ಸಹಿ ಬಡಗಿಯದು ಎಂಬುದು ನೆನಪಿರಲಿ. ಕೆಲಸ ಮುಗಿದರೂ ಕೊನೆಯ ಕಂತಿಗೆ ಅಲೆಸುವ ಮನೆಗಳೂ ಇವೆ. ಹಣ ಕೊಡುವ ದಿನವನ್ನೂ ಬರೆಯಿರಿ. ಬಡಗಿಗಳು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಮರಗೆಲಸವೂ ಒಂದು. ನಿಮ್ಮ ಊರಿನ ಬಡಗಿಗೆ ಇದು ತಿಳಿಯದಿದ್ದರೆ ಓದಿದ ನೀವು ತಿಳಿಸಬಹುದು.

ನೀವೇ ಮಾಡಿ ನೋಡಿ

1. ನಿಮ್ಮ ಮನೆಯ ಅಥವಾ ಶಾಲೆಯ ಮೆಟ್ಟಿಲುಗಳ ಎತ್ತರ ಮತ್ತು ಅಗಲ ಅಳೆಯಿರಿ. ಮೊದಲ ಮತ್ತು ಕೊನೆಯ ಮೆಟ್ಟಿಲು ಉಳಿದವುಗಳಿಗೆ ಸಮವಾಗಿವೆಯೇ? ಬ್ಲಾಂಡೆಲ್‌ನ ಲೆಕ್ಕ ಹಾಕಿ.

2. ಊರಿನ ಹಿರಿಯರನ್ನು ಕೇಳಿ: ಆಯ ಕೊಡುತ್ತಿದ್ದುದು ಅವರಿಗೆ ನೆನಪಿದೆಯೇ? ಯಾವ ಕಾಳು, ಎಷ್ಟು ಸೇರು? ನಿಂತದ್ದು ಯಾವಾಗ? ಬಡಗಿಯ ಮನೆಯವರನ್ನೂ ತಪ್ಪದೆ ಕೇಳಿ, ಎರಡು ಉತ್ತರಗಳೂ ಒಂದೇ ಆಗಿರಲಾರವು. ಬರೆದಿಟ್ಟುಕೊಳ್ಳಿ. ಆ ತಲೆಮಾರಿನ ನೆನಪು ಯಾವ ಶಾಸನದಲ್ಲಿಯೂ ಇಲ್ಲ.

3. ನಿಮ್ಮ ಊರಿನ ತೇರನ್ನು ಹಬ್ಬವಿಲ್ಲದ ದಿನ ಹೋಗಿ ನೋಡಿ. ಅದಕ್ಕೆ ನೆರಳಿದೆಯೇ? ಗಾಲಿ ಮತ್ತು ಅಚ್ಚನ್ನು ಪರೀಕ್ಷಿಸುವವರು ಯಾರು, ಯಾವಾಗ? ಉತ್ತರ ಸಿಗದಿದ್ದರೆ ಜಾತ್ರೆಗೆ ಮುಂಚೆ, ಹಗ್ಗಕ್ಕೆ ಕೈಹಾಕುವುದಕ್ಕೆ ಮುಂಚೆ, ಗೌರವದಿಂದ ಆ ಪ್ರಶ್ನೆಯನ್ನು ಕೇಳಿ.